ಡೆಡ್ ಸ್ಟಾಕ್ ರಿಜಿಸ್ಟರ್‌ನಿಂದ ಲೈವ್ ಸ್ನ್ಯಾಪ್‌ಶಾಟ್‌ವರೆಗೆ

ದೆಹಲಿಯ ಮಯೂರ್ ವಿಹಾರ್‌ನಿಂದ ಮಾತಾಡ್ತಾ ಇದ್ದೀನಿ. ವಿಡಿಯೊದಲ್ಲಿ ಆಗಾಗ ಹಿಂದುಗಡೆ ಗಡಗಡ ಅಂತ ಕೇಳಿಸಿದ್ದು ಮೆಟ್ರೊ. ಅದಕ್ಕೆ ಕ್ಷಮೆ ಇರಲಿ. ಆದರೆ ಈವತ್ತಿನ ಕಥೆ ಶುರುವಾಗೋದು ಅದರಿಂದಲೇ.

ನಮ್ಮ ಪಿಂಕ್ ಲೈನ್ 2018ರಲ್ಲಿ ತುಂಡುತುಂಡಾಗಿ ತೆರೆಯಿತು. ಅಕ್ಟೋಬರ್ 31ಕ್ಕೆ ತ್ರಿಲೋಕ್‌ಪುರಿಯಿಂದ ಶಿವ ವಿಹಾರ್‌ವರೆಗೆ. ಡಿಸೆಂಬರ್ 31ಕ್ಕೆ ಲಾಜ್‌ಪತ್ ನಗರದಿಂದ ಮಯೂರ್ ವಿಹಾರ್ ಪಾಕೆಟ್ 1ರವರೆಗೆ. ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ಇರಲಿಲ್ಲ. ತ್ರಿಲೋಕ್‌ಪುರಿಯಲ್ಲಿ ಜಾಗದ ಸಮಸ್ಯೆ, ಅಲ್ಲಿದ್ದ ಮನೆಗಳವರಿಗೆ ಬೇರೆ ಮನೆ ಕೊಡುವ ಸಮಸ್ಯೆ. ಯೋಜನೆಯ ನಕ್ಷೆಯಲ್ಲಿ ಒಂದೇ ಗುಲಾಬಿ ಗೆರೆ, ನೆಲದ ಮೇಲೆ ಎರಡು ತುಂಡು. ಆ ತುಂಡುಗಳು ಕೂಡಿದ್ದು 2021ರ ಆಗಸ್ಟ್ 6ರಂದು. ಅಲ್ಲಿಯವರೆಗೆ ಎರಡೂವರೆ ವರ್ಷ ನಮ್ಮವರು ಪಾಕೆಟ್ 1ರಲ್ಲಿ ಇಳಿದು, ಇ-ರಿಕ್ಷಾ ಹತ್ತಿ, ಮತ್ತೆ ಮೆಟ್ರೊ ಹತ್ತಿದರು. ಯೋಜನೆಯ ನಕ್ಷೆ ನಂಬಿ ಬಂದ ನೆಂಟರಿಗೆ ಮಾತ್ರ ಇದು ಗೊತ್ತಿರಲಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಇದೇ ತಾಪತ್ರಯ, ಇನ್ನೂ ಜೋರಾಗಿ. ಒಂದು ಸಂಸ್ಥೆ ಕ್ಲೌಡ್‌ನಲ್ಲಿ ನೂರಾರು ಸರ್ವರ್, ಡೇಟಾಬೇಸ್, ನೆಟ್‌ವರ್ಕ್ ಇಟ್ಟುಕೊಂಡಿರುತ್ತೆ. ಈ ಕ್ಷಣದಲ್ಲಿ ಅಲ್ಲಿ ನಿಜಕ್ಕೂ ಏನೇನಿದೆ, ಯಾವುದು ಯಾವುದಕ್ಕೆ ಜೋಡಿಸಿದೆ? ಅದನ್ನು ಒಂದು ಟೂಲ್ ತಾನಾಗಿಯೇ ಹೋಗಿ ನೋಡಿ, ಫೋಟೊ ಹಿಡಿದ ಹಾಗೆ ಹಿಡಿದು ತರುವುದಕ್ಕೆ ಲೈವ್ ಸ್ನ್ಯಾಪ್‌ಶಾಟ್ ಅಂತಾರೆ. ಒಂದು ಗೊಂದಲ ಈಗಲೇ ತೆಗೆದುಬಿಡ್ತೀನಿ. ಡಿಸ್ಕ್‌ನ ಪ್ರತಿ ಮಾಡಿಡುವುದಕ್ಕೂ ಸ್ನ್ಯಾಪ್‌ಶಾಟ್ ಅಂತಲೇ ಹೆಸರು. ಅದು ಬೀರುವಿನ ಒಳಗಿನ ಕಾಗದಗಳ ಜೆರಾಕ್ಸ್ ಇದ್ದ ಹಾಗೆ. ನಾನು ಹೇಳ್ತಿರೋದು ಮನೆಯಲ್ಲಿ ಎಷ್ಟು ಬೀರು ಇದೆ, ಯಾವ ಬಾಗಿಲು ತೆರೆದಿದೆ ಅನ್ನೋ ಚಿತ್ರದ ಬಗ್ಗೆ.

ಈ ಚಿತ್ರದ ಮುತ್ತಜ್ಜನನ್ನು ನೀವು ನೋಡಿದ್ದೀರಿ. ನಮ್ಮ ಕಡೆ ತಾಲ್ಲೂಕು ಕಚೇರಿಗೋ ಸರ್ಕಾರಿ ಶಾಲೆಗೋ ಹೋದರೆ ಕುರ್ಚಿಯ ಬೆನ್ನಿಗೆ, ಬೀರುವಿನ ಪಕ್ಕಕ್ಕೆ ಬಿಳಿ ಪೇಂಟಿನಲ್ಲಿ ನಂಬರ್ ಬರೆದಿರುತ್ತಾರೆ. ಆ ನಂಬರ್ ಇರೋದು ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ. ವರ್ಷಕ್ಕೊಮ್ಮೆ ಒಬ್ಬರು ಪುಸ್ತಕ ಹಿಡಿದು ಕೋಣೆ ಕೋಣೆ ತಿರುಗಿ, ಇದೆ, ಇಲ್ಲ, ಮುರಿದಿದೆ ಅಂತ ಗುರುತು ಹಾಕ್ತಾರೆ. ಹೆಸರು ಡೆಡ್ ಸ್ಟಾಕ್, ಆದರೆ ವ್ಯವಸ್ಥೆ ಸರಿಯಾಗಿಯೇ ಇತ್ತು. ಕುರ್ಚಿ ತಾನಾಗಿ ಹುಟ್ಟಲ್ಲ, ತಾನಾಗಿ ಸಾಯಲ್ಲ.

ಕಂಪ್ಯೂಟರ್ ಬಂದಾಗಲೂ ಇದೇ ರಿಜಿಸ್ಟರ್ ಸಾಕಾಯಿತು. ದೆಹಲಿಯಲ್ಲಿ ಎನ್‌ಐಸಿ, ಅಂದರೆ ರಾಷ್ಟ್ರೀಯ ಮಾಹಿತಿ ಕೇಂದ್ರ, ಶುರುವಾಗಿದ್ದು 1976ರಲ್ಲಿ. ಅದರ ಸ್ಥಾಪಕ ಮಹಾನಿರ್ದೇಶಕರು ಡಾ. ಎನ್. ಶೇಷಗಿರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. 80ರ ದಶಕದಲ್ಲಿ ನಿಕ್‌ನೆಟ್ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ದೆಹಲಿಗೆ ಜೋಡಿಸಿತು. ಆ ಕಾಲದ ಯಂತ್ರಗಳನ್ನು ಮುಟ್ಟಿ ಎಣಿಸಬಹುದಿತ್ತು. ಯಂತ್ರಕ್ಕೊಂದು ಎಸಿ ಕೋಣೆ, ಕೋಣೆಗೊಂದು ಬೀಗ, ಬೀಗದ ಕೈಗೊಬ್ಬ ಮನುಷ್ಯ. ಏನಾದರೂ ಕಳೆದರೆ ಯಾರನ್ನು ಕೇಳಬೇಕು ಅನ್ನೋದು ಗೊತ್ತಿತ್ತು.

ಈ ಲೆಕ್ಕ ತಪ್ಪಿದ್ದು 2006ರ ನಂತರ. ಆ ವರ್ಷದ ಆಗಸ್ಟ್‌ನಲ್ಲಿ ಅಮೆಜಾನ್ ತನ್ನ ಇಸಿ2 ಸೇವೆ ತೆರೆಯಿತು. ಒಂದು ಆಜ್ಞೆ ಕಳಿಸಿದರೆ ಕೆಲವು ನಿಮಿಷದಲ್ಲಿ ಸರ್ವರ್, ಇನ್ನೊಂದು ಕಳಿಸಿದರೆ ಅದು ಮಾಯ. 2009ರಲ್ಲಿ ಆಟೊ ಸ್ಕೇಲಿಂಗ್ ಬಂತು. ಆಮೇಲೆ ಆಜ್ಞೆ ಕೊಡೋಕೂ ಮನುಷ್ಯ ಬೇಕಾಗಲಿಲ್ಲ. ಗಿರಾಕಿ ಹೆಚ್ಚಾದರೆ ಸರ್ವರ್ ತಾನೇ ಹುಟ್ಟುತ್ತೆ, ಕಡಿಮೆಯಾದರೆ ತಾನೇ ಹೋಗುತ್ತೆ. ಭಾರತ ಸರ್ಕಾರವೂ 2014ರಲ್ಲಿ ಮೇಘರಾಜ್ ಅನ್ನೋ ಹೆಸರಲ್ಲಿ ತನ್ನ ಕ್ಲೌಡ್ ಆರಂಭಿಸಿತು. ಅದರ ಹಿಂದಿರುವ ಎನ್‌ಐಸಿ ಡೇಟಾ ಸೆಂಟರ್‌ಗಳಲ್ಲಿ ಒಂದು ಇಲ್ಲೇ ಶಾಸ್ತ್ರಿ ಪಾರ್ಕ್‌ನಲ್ಲಿದೆ, ನಮ್ಮ ಹಾಗೆಯೇ ಯಮುನೆಯ ಈಚೆ ದಡದಲ್ಲಿ. ಎರಡು ವರ್ಷದ ನಂತರ ಅಮೆಜಾನ್‌ನ ಮುಂಬೈ ಕೇಂದ್ರ ತೆರೆಯಿತು. ಬೆಂಗಳೂರು, ನೋಯ್ಡಾ, ಗುರ್‌ಗಾಂವ್ ಕಂಪನಿಗಳೆಲ್ಲ ಒಂದೊಂದಾಗಿ ಮೇಲೆ ಹೋದವು. ರಿಜಿಸ್ಟರ್ ಮಾತ್ರ ಹಾಗೇ ಉಳಿಯಿತು, ಈಗ ಎಕ್ಸೆಲ್ ಶೀಟ್ ರೂಪದಲ್ಲಿ.

ಆ ಶೀಟಿನಿಂದ ನಾನೂ ಒಂದು ಪೆಟ್ಟು ತಿಂದಿದ್ದೀನಿ. ಆಗ ನಾನಿದ್ದ ಕಂಪನಿಯ ಹೆಸರು ಬೇಡ. ಬಿಲ್ ಜಾಸ್ತಿ ಬರ್ತಿದೆ ಅಂತ ಮೇಲಿನಿಂದ ಒತ್ತಡ. ಶೀಟಿನಲ್ಲಿ 'ಟೆಸ್ಟ್-2' ಅನ್ನೋ ಸಣ್ಣ ಸರ್ವರ್ ಎದುರು 'ಉಪಯೋಗದಲ್ಲಿಲ್ಲ' ಅಂತ ಬರೆದಿತ್ತು. ಯಾರು ಬರೆದರು, ಯಾವಾಗ ಬರೆದರು, ಏನೂ ಇಲ್ಲ. ಒಂದು ಶನಿವಾರ ನಾನೇ ಅದನ್ನು ಅಳಿಸಿದೆ. ತಿಂಗಳ ಕೊನೆಗೆ ಗೊತ್ತಾಯ್ತು: ಸಂಬಳದ ಪಟ್ಟಿಯನ್ನು ಬ್ಯಾಂಕಿಗೆ ಕಳಿಸ್ತಾ ಇದ್ದದ್ದು ಆ ಟೆಸ್ಟ್-2. ಯಾವನೋ ಪುಣ್ಯಾತ್ಮ ಪರೀಕ್ಷೆಗೆ ಅಂತ ಹಾಕಿದ್ದನ್ನು ನಿಜವಾದ ಕೆಲಸಕ್ಕೆ ಹಚ್ಚಿ ಕೆಲಸ ಬಿಟ್ಟು ಹೋಗಿದ್ದ. ಮೂರು ದಿನ ತಡವಾಯಿತು. ನಮಗೇನು, ತಡೆದುಕೊಂಡೆವು. ಆದರೆ ರಾತ್ರಿ ಪಾಳಿಯ ಡ್ರೈವರ್ ಒಬ್ಬರು ಬಂದು, 'ಸಾಬ್, ಒಂದನೇ ತಾರೀಕು ಮನೆ ಬಾಡಿಗೆ ಕೊಡಬೇಕಿತ್ತು' ಅಂದಾಗ ತಲೆ ಎತ್ತಿ ಅವರನ್ನು ನೋಡೋಕಾಗಲಿಲ್ಲ.

ಸರಿ, ಹಾಗಾದರೆ ಒಂದು ಟೂಲ್ ತಂದು ಫೋಟೊ ಹೊಡೆಸಿಬಿಟ್ಟರೆ ಆಯ್ತಲ್ಲ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ತೊಂದರೆ ಏನಂದರೆ, ಚಲಿಸುತ್ತಲೇ ಇರುವುದನ್ನು ಎಣಿಸೋದು ಬಹಳ ಹಳೆಯ ಕಷ್ಟ. ಅದಕ್ಕಾಗಿ 1881ಕ್ಕೆ ಹೋಗೋಣ.

ಭಾರತದಾದ್ಯಂತ ಒಂದೇ ದಿನಾಂಕಕ್ಕೆ ನಡೆದ ಮೊದಲ ಜನಗಣತಿ 1881ರ ಫೆಬ್ರವರಿ 17ರದು. ಒಂದು ರಾತ್ರಿ, ಇಡೀ ದೇಶದ ಲೆಕ್ಕ. ಹೇಗೆ ಸಾಧ್ಯ? ಗುಟ್ಟು ಏನಂದರೆ, ಆ ರಾತ್ರಿ ಎಲ್ಲವನ್ನೂ ಬರೆಯುತ್ತಿರಲಿಲ್ಲ. ಮೊದಲೇ ಮನೆಗಳಿಗೆ ನಂಬರ್ ಹಾಕಿ, ಹೆಸರುಗಳನ್ನು ಬರೆದು ತಯಾರಾಗಿ ಇಟ್ಟುಕೊಂಡು, ಆ ರಾತ್ರಿ ದೀಪ ಹಿಡಿದು ಮತ್ತೆ ಮನೆ ಮನೆಗೆ ಹೋಗಿ, ಇಲ್ಲದವರ ಹೆಸರು ಹೊಡೆದು, ಹೊಸದಾಗಿ ಬಂದವರ ಹೆಸರು ಸೇರಿಸುವುದು. ಮನೆಯಲ್ಲಿಲ್ಲದೆ ಪ್ರಯಾಣದಲ್ಲಿರುವವರಿಗೆ ಬೇರೆ ಏರ್ಪಾಡು. ಇಲ್ಲದಿದ್ದರೆ ರೈಲಿನಲ್ಲಿ ಹೋಗ್ತಾ ಇರೋ ಮನುಷ್ಯ ಎರಡು ಊರಲ್ಲೂ ಲೆಕ್ಕಕ್ಕೆ ಸಿಗಬಹುದು, ಎಲ್ಲೂ ಸಿಗದೆಯೂ ಹೋಗಬಹುದು. ಈ ಒಂದು ರಾತ್ರಿಯ ಪದ್ಧತಿ 1931ರವರೆಗೆ ನಡೆದು, 1941ರಲ್ಲಿ ಕೈಬಿಟ್ಟಿತು. ಈಗ ಕೆಲವು ವಾರ ಎಣಿಸಿ, ಒಂದು ಕ್ಷಣಕ್ಕೆ ಹೊಂದಿಸ್ತಾರೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಲೆಕ್ಕದ ಕ್ಷಣ ಮಾರ್ಚ್ 1ರ ಸೊನ್ನೆ ಗಂಟೆ. ಮಾರ್ಚ್ 1ರಿಂದ 5ರವರೆಗೆ ಮತ್ತೊಂದು ಸುತ್ತು ಹೋಗಿ, ನಡುವೆ ಹುಟ್ಟಿದವರನ್ನು ಸೇರಿಸಿ, ತೀರಿಕೊಂಡವರನ್ನು ತೆಗೆದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಮೈಸೂರಿನ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷದ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು. ನಡುವೆ ಏನಾಯಿತು? 1876ರಿಂದ 78ರ ಮಹಾಕ್ಷಾಮ, ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಅಂತ ಆಗ ಹಳ್ಳಿ ಹಳ್ಳಿಯಲ್ಲಿ ಸರಿಯಾಗಿ ಬರೆದವರಿಲ್ಲ. 1871ರ ಪುಟ ಒಂದೇ ನೋಡಿದರೆ ಬರ ಕಾಣಲ್ಲ. 1881ರದು ಒಂದೇ ನೋಡಿದರೂ ಕಾಣಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಆ ವ್ಯತ್ಯಾಸದಲ್ಲಿ ಆ ಜನ ಕಾಣಿಸ್ತಾರೆ. ಕ್ಲೌಡ್ ಸ್ನ್ಯಾಪ್‌ಶಾಟ್ ಕೆಲಸ ಮಾಡುವವರು 'ಡಿಫ್' ಅನ್ನೋದು ಇದನ್ನೇ. ಬರಗಾಲದ ಸಾವಿಗೂ ಸರ್ವರ್‌ಗೂ ಹೋಲಿಕೆ ಮಾಡೋದು ತಪ್ಪು, ಗೊತ್ತು. ಆದರೆ ಆ ಲೆಕ್ಕದ ಬೆಲೆ ನನಗೆ ಅರ್ಥವಾದದ್ದು ಈ ಎರಡು ಸಂಖ್ಯೆಗಳಿಂದ.

ಇನ್ನೊಂದು ಮಾತು. ಆ ಗಣತಿ ಆದಾಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಐದು ವಾರ ಕಳೆದು ಮಾರ್ಚ್ 25ರಂದು ಅಧಿಕಾರ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ವರದಿಯ ಶಾಯಿ ಒಣಗೋ ಮೊದಲೇ ಸಂಸ್ಥಾನದ ಯಜಮಾನರೇ ಬದಲಾಗಿದ್ದರು.

ಈಗ ಗಣತಿ ಬಿಟ್ಟು ಹಕ್ಕಿಗಳ ಹತ್ತಿರ ಬರೋಣ. ನಮ್ಮ ಮನೆಯಿಂದ ನೋಯ್ಡಾ ಕಡೆ ಹೋದರೆ ಯಮುನೆಯ ಮೇಲೆ ಓಖ್ಲಾ ಪಕ್ಷಿಧಾಮ. ಚಳಿಗಾಲದಲ್ಲಿ ದೂರದಿಂದ ವಲಸೆ ಹಕ್ಕಿಗಳು ಬರುತ್ತವೆ, ಜನವರಿಯಲ್ಲಿ ಪಕ್ಷಿಪ್ರಿಯರು ಎಣಿಸೋಕೆ ಹೋಗ್ತಾರೆ. ಹಾರ್ತಾ ಇರೋ ಹಿಂಡನ್ನು ಎಣಿಸಿ ನೋಡಿ. ಆಕಾಶ ಪೂರ್ತಿ ಒಂದು ಫೋಟೊದಲ್ಲಿ ಹಿಡಿಯಲ್ಲ. ತುಂಡು ತುಂಡಾಗಿ ತೆಗೆದು ಅಂಟಿಸಬೇಕು. ಎಡಗಡೆ ತೆಗೆದು ಬಲಗಡೆ ತೆಗೆಯುವಷ್ಟರಲ್ಲಿ ಎಡಗಡೆಯ ಹಕ್ಕಿ ಬಲಗಡೆಗೆ ಬಂದು ಎರಡನೇ ಸಲ ಲೆಕ್ಕಕ್ಕೆ ಸಿಕ್ಕಿರುತ್ತೆ. 'ಸ್ವಲ್ಪ ನಿಲ್ಲಿ' ಅಂತ ಹಕ್ಕಿಗಳಿಗೆ ಹೇಳೋಕಾಗಲ್ಲ.

ಈ ವಲಸೆ ಹಕ್ಕಿಗಳ ಉದಾಹರಣೆ ನನ್ನದಲ್ಲ. ಅದು 1985ರ ಫೆಬ್ರವರಿಯಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿದೆ. ಬರೆದವರು ಕೆ. ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್. ಚಾಂಡಿ ಮದ್ರಾಸ್ ಐಐಟಿಯಲ್ಲಿ 1965ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು, ಆಗ ಆಸ್ಟಿನ್‌ನಲ್ಲಿ ಪಾಠ ಮಾಡ್ತಿದ್ದರು. ಲ್ಯಾಂಪೋರ್ಟ್ ಅಲ್ಲಿಗೆ ಹೋಗಿದ್ದಾಗ ರಾತ್ರಿ ಊಟದ ಹೊತ್ತಿನಲ್ಲಿ ಚಾಂಡಿ ಈ ಸಮಸ್ಯೆ ಮುಂದಿಟ್ಟರಂತೆ. ವೈನ್ ಸ್ವಲ್ಪ ಜಾಸ್ತಿಯಾಗಿದ್ದರಿಂದ ಇಬ್ಬರಿಗೂ ಆಗ ತಲೆ ಓಡಲಿಲ್ಲ. ಮಾರನೇ ಬೆಳಿಗ್ಗೆ ಸ್ನಾನ ಮಾಡುವಾಗ ಲ್ಯಾಂಪೋರ್ಟ್‌ಗೆ ಉತ್ತರ ಹೊಳೆಯಿತು. ಚಾಂಡಿ ಆಫೀಸಿಗೆ ಹೋದರೆ ಅವರೂ ಅದೇ ಉತ್ತರ ಹಿಡಿದು ಕಾಯ್ತಾ ಇದ್ದರು. ಲ್ಯಾಂಪೋರ್ಟ್ ಇದನ್ನು ತಾವೇ ಬರೆದುಕೊಂಡಿದ್ದಾರೆ.

ಉತ್ತರ ಏನು? ಹಳೇ ಕಾಲದ ಮನಿ ಆರ್ಡರ್ ನೆನಪಿಸಿಕೊಳ್ಳಿ. ದೆಹಲಿಯಲ್ಲಿ ಮಗ, ಹಾಸನದಲ್ಲಿ ಅಮ್ಮ. ಇಬ್ಬರ ಹತ್ತಿರ ಸೇರಿ ಒಂದು ಸಾವಿರ ರೂಪಾಯಿ. ಮಗ 200 ಕಳಿಸಿದ. ಅವನು ಕಳಿಸಿದ ಮೇಲೆ ಅವನ ಪರ್ಸ್ ನೋಡಿ, ಅಮ್ಮನಿಗೆ ತಲುಪೋ ಮೊದಲು ಅವರ ಡಬ್ಬಿ ನೋಡಿದರೆ 800 ಮಾತ್ರ. ಅವನು ಕಳಿಸೋ ಮೊದಲು ಅವನ ಪರ್ಸ್ ನೋಡಿ, ತಲುಪಿದ ಮೇಲೆ ಡಬ್ಬಿ ನೋಡಿದರೆ 1,200. ಚಾಂಡಿ ಮತ್ತು ಲ್ಯಾಂಪೋರ್ಟ್ ಹೇಳಿದ್ದು ಇಷ್ಟು: ಯಾರೋ ಒಬ್ಬರು ಲೆಕ್ಕ ಶುರು ಮಾಡಿ, ತಮ್ಮ ಹಣ ಎಣಿಸಿ ಬರೆದು, ತಕ್ಷಣ 'ಲೆಕ್ಕ ಹಿಡಿಯಿರಿ' ಅಂತ ಒಂದು ಕಾಗದ ಅದೇ ಅಂಚೆಯಲ್ಲಿ ಹಾಕಲಿ. ಕಾಗದ ಸಿಕ್ಕವರು ಆ ಕ್ಷಣವೇ ತಮ್ಮದನ್ನು ಎಣಿಸಿ, ತಾವೂ ಅಂಥದೇ ಕಾಗದ ಹಾಕಲಿ. ತಮ್ಮದು ಎಣಿಸಿದ ಮೇಲೆ, ಎದುರಿನವರ ಕಾಗದ ಬರುವ ಮೊದಲು ಬಂದ ದುಡ್ಡನ್ನು 'ದಾರಿಯಲ್ಲಿದ್ದದ್ದು' ಅಂತ ಬೇರೆ ಬರೆಯಲಿ. ಅಂಚೆ ಹಾಕಿದ ಕ್ರಮದಲ್ಲೇ ತಲುಪಿದರೆ ಸಾಕು, ಮೊತ್ತ ಸಾವಿರವೇ ಬರುತ್ತೆ. ಯಾರೂ ಕೆಲಸ ನಿಲ್ಲಿಸಬೇಕಾಗಿಲ್ಲ, ಎರಡು ಊರಿನ ಗಡಿಯಾರ ಒಂದೇ ಸಮಯ ತೋರಿಸಬೇಕಾಗಿಯೂ ಇಲ್ಲ.

ಇದರಲ್ಲಿ ಒಂದು ವಿಚಿತ್ರ ಇದೆ, ನನಗೆ ತುಂಬಾ ಇಷ್ಟವಾದದ್ದು. ಹೀಗೆ ಹಿಡಿದ ಚಿತ್ರ ಯಾವ ಒಂದು ಕ್ಷಣದಲ್ಲೂ ನಿಜಕ್ಕೂ ಇರಲೇ ಇಲ್ಲದಿರಬಹುದು. ಆದರೆ ಅದು ಇರಲು ಸಾಧ್ಯವಿದ್ದ ಸ್ಥಿತಿ. ಅದರೊಳಗೆ ಸುಳ್ಳು ಇಲ್ಲ. ಒಂದೇ ಕ್ಷಣದ್ದಾಗಿರಬೇಕು ಅನ್ನೋ ಹಟ ಬಿಟ್ಟು, ತನ್ನೊಳಗೆ ತಾನು ಹೊಂದಿಕೊಂಡಿರಬೇಕು ಅಂತ ಕೇಳಿದ್ದೇ ಇಲ್ಲಿನ ಜಾಣತನ.

ಈಗಿನ ಟೂಲ್‌ಗಳು ಇದನ್ನೇ ಮಾಡ್ತಾವಾ? ಇಲ್ಲ, ಅದೇ ಬೇಜಾರು. ಕ್ಲೌಡ್‌ನಲ್ಲಿರುವ ಸಾವಿರ ತರದ ವಸ್ತುಗಳಿಗೆ ಆ 'ಲೆಕ್ಕ ಹಿಡಿಯಿರಿ' ಕಾಗದ ಕಳಿಸೋ ದಾರಿ ನಮಗೆ ಕೊಟ್ಟಿಲ್ಲ. ಟೂಲ್ ಒಂದೊಂದೇ ಬಾಗಿಲು ತಟ್ಟಿ, 'ನಿಮ್ಮಲ್ಲಿ ಏನೇನಿದೆ?' ಅಂತ ಕೇಳುತ್ತೆ. ಉತ್ತರ ಪುಟ ಪುಟವಾಗಿ ಬರುತ್ತೆ. ಜಾಸ್ತಿ ಸಲ ಕೇಳಿದರೆ 'ಸಾಕು, ಆಮೇಲೆ ಬನ್ನಿ' ಅಂತ ಕ್ಲೌಡ್ ಕಂಪನಿಯೇ ತಡೆಯುತ್ತೆ. ಹತ್ತು ಗಂಟೆಗೆ ಲೋಡ್ ಬ್ಯಾಲೆನ್ಸರ್‌ಗಳ ಪಟ್ಟಿ, ಹತ್ತೂ ಮೂರಕ್ಕೆ ಸರ್ವರ್‌ಗಳ ಪಟ್ಟಿ. ಮೊದಲ ಪಟ್ಟಿ ಹೇಳುವ ಸರ್ವರ್ ಎರಡನೇದರಲ್ಲಿ ಇರೋದೇ ಇಲ್ಲ. ಚಿತ್ರದಲ್ಲಿ ಎಲ್ಲಿಗೂ ಹೋಗದ ಒಂದು ಗೆರೆ.

ಈ ದಾರಿಯಲ್ಲಿ ಮೊದಮೊದಲು ನಡೆದವರಲ್ಲಿ ನೆಟ್‌ಫ್ಲಿಕ್ಸ್ ಒಂದು. ಅವರು 2012ರಲ್ಲಿ 'ಎಡ್ಡ' ಅನ್ನೋ ಟೂಲನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಸತ್ತ ಸರ್ವರ್‌ನ ವಿವರ ಸ್ವಲ್ಪ ಹೊತ್ತಿಗೆ ಅಮೆಜಾನ್‌ನಲ್ಲೂ ಸಿಗ್ತಾ ಇರಲಿಲ್ಲ. ಮೊನ್ನೆ ಈ ಐಪಿ ವಿಳಾಸ ಯಾರದಾಗಿತ್ತು ಅಂತ ಕೇಳಿದರೆ ಉತ್ತರವಿಲ್ಲ. ಎಡ್ಡ ಮತ್ತೆ ಮತ್ತೆ ಹೋಗಿ ಪಟ್ಟಿ ತಂದು, ಹಳೆಯದನ್ನು ಅಳಿಸದೆ ಇಟ್ಟುಕೊಳ್ತಾ ಇತ್ತು. ಎರಡು ಸುತ್ತಿನ ನಡುವೆ ಹುಟ್ಟಿ ಸತ್ತದ್ದು ಮಾತ್ರ ಅದಕ್ಕೂ ಕಾಣ್ತಿರಲಿಲ್ಲ. 2014ರ ನವೆಂಬರ್‌ನಲ್ಲಿ ಅಮೆಜಾನ್ ತಾನೇ ಎಡಬ್ಲ್ಯುಎಸ್ ಕಾನ್ಫಿಗ್ ತಂದಿತು. ಮೊದಲು ಪೂರ್ತಿ ಪಟ್ಟಿ, ಆಮೇಲೆ ಬದಲಾದದ್ದು ಮಾತ್ರ ಸೇರಿಸುತ್ತ ಹೋಗುವುದು. ದೀಪ ಹಿಡಿದು ಹೋಗುವ ಆ ಎರಡನೇ ಸುತ್ತು ಜ್ಞಾಪಕ ಬಂತಾ? ಅದೇ. ಗೂಗಲ್ ಕ್ಲೌಡ್‌ನ ಪಟ್ಟಿ 35 ದಿನದ ಹಿಂದಿನವರೆಗೂ ತಿರುಗಿ ನೋಡೋಕೆ ಬಿಡುತ್ತೆ. 2018ರಲ್ಲಿ ಡ್ಯುಯೊ ಲ್ಯಾಬ್ಸ್‌ನ ಕ್ಲೌಡ್‌ಮ್ಯಾಪರ್, ಮರುವರ್ಷ ಲಿಫ್ಟ್ ಕಂಪನಿಯ ಕಾರ್ಟೋಗ್ರಫಿ ಬಂದು, ಪಟ್ಟಿಯನ್ನು ನಕ್ಷೆಯಾಗಿ ಬಿಡಿಸಿ ತೋರಿಸಿದವು.

ಇನ್ನೊಂದು ಕಡೆಯಿಂದ ಟೆರಾಫಾರ್ಮ್ ಬಂತು, 2014ರಲ್ಲೇ. ಅದರಲ್ಲಿ ಏನಿರಬೇಕು ಅಂತ ಮೊದಲು ಬರೆಯೋದು, ಟೂಲ್ ಅದನ್ನು ಕಟ್ಟೋದು. ಬರೆದದ್ದು ಒಂದು, ಇರೋದು ಇನ್ನೊಂದು ಆದರೆ ಅದಕ್ಕೆ 'ಡ್ರಿಫ್ಟ್' ಅಂತ ಹೆಸರು. ರಾತ್ರಿ ಎರಡು ಗಂಟೆಗೆ ಏನೋ ಕೆಟ್ಟಾಗ ಯಾರೋ ಕೈಯಿಂದ ಒಂದು ಬಾಗಿಲು ತೆರೆದಿರುತ್ತಾರೆ, ಮುಚ್ಚೋಕೆ ಮರೆತಿರುತ್ತಾರೆ. ನಮ್ಮ ಪಿಂಕ್ ಲೈನಿನ ಒಂದೂವರೆ ಕಿಲೋಮೀಟರ್ ಒಂದು ಡ್ರಿಫ್ಟ್. ಅದು ಕಣ್ಣಿಗೆ ಕಾಣ್ತಿತ್ತು, ಕ್ಲೌಡ್‌ನದು ಕಾಣಲ್ಲ.

ಕಾಣದಿದ್ದರೆ ಏನಾಗುತ್ತೆ ಅನ್ನೋದಕ್ಕೆ ದೆಹಲಿಗೆ ಒಂದು ನೆನಪಿದೆ. 2022ರ ನವೆಂಬರ್ 23ರ ಬೆಳಿಗ್ಗೆ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತವು. ರ‍್ಯಾನ್‌ಸಮ್‌ವೇರ್ ದಾಳಿ. ಚೀಟಿ, ವರದಿ, ದಾಖಲಾತಿ ಎಲ್ಲ ಕೈಬರಹಕ್ಕೆ ಇಳಿಯಿತು. ದೂರದ ಊರುಗಳಿಂದ ಬಂದ ರೋಗಿಗಳು ಸಾಲಿನಲ್ಲಿ ಕಾದರು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಡೇಟಾ ಬೀಗ ಬಿದ್ದಿತ್ತು ಅಂತ ಸರ್ಕಾರ ಸಂಸತ್ತಿಗೆ ಹೇಳಿತು. ನೆಟ್‌ವರ್ಕ್‌ನ ವಿಭಾಗಗಳನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ ಅನ್ನೋದನ್ನು ಕಾರಣವಾಗಿ ಕೊಟ್ಟಿತು. ಅದು ಕ್ಲೌಡ್ ಅಲ್ಲ, ಆಸ್ಪತ್ರೆಯದೇ ಯಂತ್ರಗಳು. ಸ್ನ್ಯಾಪ್‌ಶಾಟ್ ಟೂಲ್ ಇದ್ದಿದ್ದರೆ ಅದು ತಪ್ಪುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಯಾವ ಕೋಣೆಗೂ ಯಾವ ಕೋಣೆಗೂ ನಡುವೆ ಗೋಡೆ ಇಲ್ಲ ಅನ್ನೋದು ಕಳ್ಳ ಬರುವ ಮೊದಲು ಕಾಣಬೇಕಾದರೆ ಯಾರಾದರೂ ಮನೆಯ ಚಿತ್ರ ಹಿಡಿದಿರಬೇಕು. ಅದೇ ವರ್ಷದ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಆರು ಗಂಟೆ! ಏನು ಹೋಯಿತು ಅಂತ ಹೇಳಬೇಕಾದರೆ ಏನಿತ್ತು ಅನ್ನೋದು ಗೊತ್ತಿರಬೇಕಲ್ಲ. (ಆ ಚಿತ್ರವನ್ನು ಎಲ್ಲಿಡ್ತೀರಿ ಅನ್ನೋದೂ ಮುಖ್ಯ. ಮನೆಯ ಪೂರ್ತಿ ನಕ್ಷೆ ಕಳ್ಳನ ಕೈಗೆ ಸಿಕ್ಕರೆ ನಾವೇ ದಾರಿ ತೋರಿಸಿದ ಹಾಗೆ. ಟೂಲ್‌ಗೆ ಓದುವ ಅನುಮತಿ ಮಾತ್ರ ಕೊಡಿ, ಬದಲಾಯಿಸುವ ಅನುಮತಿ ಬೇಡ.)

ಟೆಸ್ಟ್-2ರ ನಂತರ ನಮ್ಮಲ್ಲೂ ಒಂದು ಟೂಲ್ ಬಂತು. ಹದಿನೈದು ನಿಮಿಷಕ್ಕೊಂದು ಸುತ್ತು. ಮೊದಲ ಚಿತ್ರದಲ್ಲಿ ಎಕ್ಸೆಲ್ ಶೀಟಿನಲ್ಲೇ ಇಲ್ಲದ ಯಂತ್ರಗಳು ಎಷ್ಟು ಕಂಡವು ಅಂದರೆ, ಮೀಟಿಂಗ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗಣತಿಯವರಿಂದ ಒಂದು ಪಾಠ ಕದ್ದೆವು: ಒಂದು ಸುತ್ತಿನಲ್ಲಿ ಕಾಣದೆ ಹೋದದ್ದನ್ನು ಕೂಡಲೇ ಹೊಡೆದುಹಾಕೋದಿಲ್ಲ, ಮುಂದಿನ ಸುತ್ತಿನಲ್ಲೂ ಕಾಣದಿದ್ದರೆ ಮಾತ್ರ. ಎಲ್ಲಿಗೂ ಹೋಗದ ಗೆರೆಗಳು ಅರ್ಧಕ್ಕರ್ಧ ಕಡಿಮೆಯಾದವು.

ಕೆಲವು ತಿಂಗಳು ಕಳೆದು ಒಂದು ಸಂಜೆ ಡಿಫ್‌ನಲ್ಲಿ ಒಂದೇ ಒಂದು ಹೊಸ ಸಾಲು. ಹೆಸರು 'ಟೆಂಪ್-ನ್ಯೂ'. ಹಾಕಿದ ಹುಡುಗನಿಗೆ ಫೋನ್ ಮಾಡಿದೆ. 'ನಂದೇ ಸಾರ್, ಶುಕ್ರವಾರ ತೆಗೀತೀನಿ' ಅಂದ. ಶುಕ್ರವಾರ ತೆಗೀಲಿಲ್ಲ. ಸೋಮವಾರ ಮತ್ತೆ ಫೋನ್ ಮಾಡಿದರೆ, 'ಈಗ ಬೇಡ ಸಾರ್, ಅಕೌಂಟ್ಸ್‌ನವರು ಅದನ್ನ ಉಪಯೋಗಿಸೋಕೆ ಶುರು ಮಾಡಿಬಿಟ್ಟಿದ್ದಾರೆ' ಅಂದ. ಅವತ್ತೇ ಅದರ ಹೆಸರು ಬದಲಾಯಿಸಿ, ಯಾರದು, ಏನು ಕೆಲಸ ಅಂತ ಎದುರಿಗೆ ಬರೆಸಿದೆ.

ಮೆಟ್ರೊ ಮತ್ತೆ ಬಂತು, ಕೇಳಿಸ್ತಾ ಇದೆಯಲ್ಲ? ಇಲ್ಲಿಗೆ ನಿಲ್ಲಿಸ್ತೀನಿ. ನಮಸ್ಕಾರ.